ಕೆಂಪು ದೀಪದ ಮುಂದೆ ಬ್ರೇಕ್ ಮೇಷ್ಟ್ರು

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬ್ರೇಕ್ ಮೇಷ್ಟ್ರು ಈಜುಡುಗೆ ತೊಟ್ಟು, ಕೆರೆಯ ದಂಡೆಯ ಮೇಲೆ ತಮ್ಮ ಸೈಕಲ್ಲನ್ನು ಹಿಮ್ಮುಖವಾಗಿ ನಿಲ್ಲಿಸುತ್ತಿದ್ದರು. ಉಳಿದ ಸ್ಪರ್ಧಿಗಳೆಲ್ಲ ಸೈಕಲ್ಲುಗಳನ್ನು ಕಂಬಿಗೆ ತಗುಲಿಹಾಕಿ ಕೈಕಾಲು ಸಡಿಲಿಸಿಕೊಳ್ಳುತ್ತಿದ್ದರು. ಮೇಷ್ಟ್ರು ಮಾತ್ರ ಸೈಕಲ್ಲನ್ನು ಸ್ವಲ್ಪ ಮುಂದಕ್ಕೆ ತಂದು, ಭುಜದ ಮೇಲಿಂದ ಹಿಂದೆ ನೋಡಿ, ನಿಧಾನವಾಗಿ ಹಿಂದಕ್ಕೆ ಸರಿಸಿ, ಎರಡೂ ಪಕ್ಕದಲ್ಲಿ ಸಮನಾದ ಜಾಗ ಬಿಟ್ಟರು. ಮನಸ್ಸಿಗೆ ಒಪ್ಪಲಿಲ್ಲ. ಮತ್ತೆ ಮುಂದಕ್ಕೆ ತಂದರು.

"ಭಾವ, ಅದು ಸೈಕಲ್ಲು. ಹೇಗೆ ಇಟ್ರೂ ಇರುತ್ತೆ," ಎಂದ ಅವರ ಹೆಂಡತಿಯ ತಮ್ಮ. ಮೇಷ್ಟ್ರನ್ನು ಈಜು, ಸೈಕಲ್, ಓಟ ಮೂರೂ ಸೇರಿದ ಈ ಟ್ರಯಥ್ಲಾನಿಗೆ ಎಳೆದು ತಂದವನು ಅವನೇ.

"ಹೊರಡೋವಾಗ ಮುಖ ರಸ್ತೆ ಕಡೆಗಿರ್ಬೇಕು. ನಿಂಗೆ ಎಷ್ಟು ಸಲ ಹೇಳ್ಕೊಟ್ಟಿದ್ದೀನಿ?"

ಭಾವಮೈದುನನೂ ಮೇಷ್ಟ್ರ ಕೈಕೆಳಗೇ ಕಾರು ಕಲಿತವನು. ಆ ಊರಿನಲ್ಲಿ ಕಾರು ಓಡಿಸಬಲ್ಲವರಲ್ಲಿ ಸುಮಾರು ಅರ್ಧದಷ್ಟು ಜನ ಮೇಷ್ಟ್ರ ಡ್ರೈವಿಂಗ್ ಸ್ಕೂಲಿನಲ್ಲಿ ಬೈಸಿಕೊಂಡೇ ಕಲಿತವರು.

ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಎಡಗಡೆಯ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ಇಪ್ಪತ್ತೆಂಟು ವರ್ಷ ಅದನ್ನು ಒತ್ತಿ ಒತ್ತಿ ಅವರ ಬಲಗಾಲಿಗೆ ತನ್ನದೇ ಆದ ಬುದ್ಧಿ ಬಂದುಬಿಟ್ಟಿತ್ತು. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಾಲನ್ನು ಒತ್ತುತ್ತಿತ್ತು. ಸಿನಿಮಾದಲ್ಲಿ ಕಾರು ತಿರುವಿನಲ್ಲಿ ಜಾರಿದರೆ ಮುಂದೆ ಕೂತವರ ಬೆನ್ನಿಗೆ ಒದೆಯುತ್ತಿತ್ತು. ಒಮ್ಮೆ ಕ್ಷೌರದ ಕುರ್ಚಿಯಲ್ಲಿ ಕೂತಾಗ ಹೊರಗೆ ಯಾವುದೋ ಲಾರಿ ಕಿರುಗುಟ್ಟಿ, ಮೇಷ್ಟ್ರು ಕುರ್ಚಿಯ ಕೆಳಗಿನ ಪೆಡಲನ್ನು ಒತ್ತಿ, ಕುರ್ಚಿ ಗಿರ್ರನೆ ತಿರುಗಿ, ಅರ್ಧ ಮೀಸೆ ಹೋಯಿತು. ಬ್ರೇಕ್ ಮೇಷ್ಟ್ರು ಎಂಬ ಹೆಸರು ಆ ಅಂಗಡಿಯಲ್ಲೇ ಹುಟ್ಟಿದ್ದು.

ಊರಿಗೆಲ್ಲ ಕಲಿಸಿದ ಮೇಷ್ಟ್ರು ಹೆಂಡತಿಗೆ ಮಾತ್ರ ಕಲಿಸಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದೇ ಒಂದು ಪಾಠ ಆಗಿತ್ತು. "ಕಾಲು ಎಲ್ಲಿದೆ? ನಿನ್ನ ಕಾಲು ಎಲ್ಲಿದೆ?" ಎಂದು ಮೇಷ್ಟ್ರು ಕೂಗಿದರು. "ಇಲ್ಲಿದೆ," ಎಂದು ಹೆಂಡತಿ ಬಾಗಿಲು ತೆರೆದು ಕಾಲನ್ನು ರಸ್ತೆಯ ಮೇಲಿಟ್ಟು, ಅದರ ಹಿಂದೆ ಇನ್ನೊಂದು ಕಾಲನ್ನೂ ಇಟ್ಟು, ನಡೆದುಕೊಂಡೇ ಮನೆಗೆ ಹೋದರು. ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹೆಂಡತಿ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವರು. ಅಂಗಡಿಯವರು ಊರಿನ ಆ ತುದಿಯಲ್ಲಿ ಇನ್ನೊಂದು ಶಾಖೆ ತೆರೆದು, ಇವರೇ ನೋಡಿಕೊಳ್ಳಬೇಕು ಎಂದರು. ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಜಾಗ.

"ನಾನು ಕಾರು ಕಲೀತೀನಿ," ಎಂದರು ಒಂದು ಸಂಜೆ, ಒಗೆದ ಬಟ್ಟೆ ಮಡಿಸುತ್ತ.

ಮೇಷ್ಟ್ರ ಮುಖ ಅರಳಿತು. "ನಾಳೆಯಿಂದ್ಲೇ..."

"ನಿಮ್ಮ ಹತ್ರ ಅಲ್ಲ ರೀ. ಎದುರು ಸ್ಕೂಲಲ್ಲಿ."

ಎದುರು ಸ್ಕೂಲು ಎಂದರೆ ಮೇಷ್ಟ್ರ ಕಚೇರಿಯ ಕಿಟಕಿಗೆ ನೇರವಾಗಿ, ರಸ್ತೆಯ ಆ ಬದಿಗೆ ಇದ್ದ ಇನ್ನೊಂದು ಡ್ರೈವಿಂಗ್ ಸ್ಕೂಲು. ಅದರ ಯಜಮಾನ ಮೇಷ್ಟ್ರ ಹಳೆಯ ಶಿಷ್ಯ. ಬಾಗಿಲ ಮೇಲೆ ಅವನು ಹಾಕಿದ್ದ ಬೋರ್ಡಿನಲ್ಲಿ ದಪ್ಪ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ಇಲ್ಲಿ ಬೈಯದೆ ಕಲಿಸಲಾಗುವುದು. ಯಾರನ್ನು ಉದ್ದೇಶಿಸಿ ಬರೆದದ್ದು ಎಂದು ಬೀದಿಗೆಲ್ಲ ಗೊತ್ತಿತ್ತು.

"ನನ್ನ ಹೆಂಡ್ತಿ ಅವನ ಕೆಂಪು ಕಾರಲ್ಲಿ ಕೂತು ನನ್ನ ಕಿಟಕಿ ಮುಂದೆ ಹೋದ್ರೆ, ನಾಳೆ ನನ್ನ ಹತ್ರ ಯಾರಮ್ಮ ಬರ್ತಾರೆ?"

"ಅದು ನೀವು ಯೋಚ್ನೆ ಮಾಡ್ಬೇಕಾಗಿದ್ದು. ನೀವು ಹೊಸದಾಗಿ ಏನಾದ್ರೂ ಕಲಿತು ಎಷ್ಟು ವರ್ಷ ಆಯ್ತು? ಕಲಿಯೋರ ಎದೆ ಹೇಗೆ ಹೊಡ್ಕೊಳ್ಳುತ್ತೆ ಅನ್ನೋದೇ ನಿಮಗೆ ಮರೆತು ಹೋಗಿದೆ. ನಿಮಗೆ ಬರದೇ ಇರೋದು ಒಂದನ್ನ ಕಲೀರಿ. ಬೇರೆಯವರ ಹತ್ರ ಬೈಸ್ಕೊಳ್ಳಿ. ಆಮೇಲೆ ನಿಮ್ಮ ಕಾರಲ್ಲೇ ಕೂರ್ತೀನಿ."

ಪಕ್ಕದಲ್ಲಿ ಕೂತು ಕಡಲೆ ಅಗಿಯುತ್ತಿದ್ದ ತಮ್ಮ ಬಾಯಿ ಹಾಕಿದ್ದು ಆಗಲೇ. "ಅಕ್ಕ, ಭಾವಂಗೆ ಈಜು ಬರಲ್ಲ."

ಹೀಗೆ ತೀರ್ಮಾನವಾಯಿತು. ಏಳುನೂರೈವತ್ತು ಮೀಟರ್ ಈಜು, ಇಪ್ಪತ್ತು ಕಿಲೋಮೀಟರ್ ಸೈಕಲ್, ಐದು ಕಿಲೋಮೀಟರ್ ಓಟ, ಒಂದರ ಬೆನ್ನಿಗೆ ಒಂದು. ಎಲ್ಲ ಸೇರಿ ಎರಡು ಗಂಟೆಯೊಳಗೆ ಮುಗಿಯಬೇಕು. ಮುಗಿದರೆ ಹೆಂಡತಿ ಮೇಷ್ಟ್ರ ಕಾರಿಗೆ. ಮುಗಿಯದಿದ್ದರೆ ಎದುರು ಸ್ಕೂಲಿನ ಕೆಂಪು ಕಾರಿಗೆ. "ಒಂದು ಚಕ್ರ ಗೆರೆ ಮುಟ್ಟಿದ್ರೂ ಫೇಲು ಅಂತೀರಲ್ಲ, ಹಾಗೇ ಇದೂ," ಎಂದು ಹೆಂಡತಿ ಬಟ್ಟೆಯ ಗಂಟನ್ನು ಒಳಗೆ ತೆಗೆದುಕೊಂಡು ಹೋದರು.

ಈಜುಕೊಳದ ಕೋಚ್ ಆಗಿದ್ದ ಹುಡುಗಿ ಮೇಷ್ಟ್ರನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಎರಡು ವರ್ಷದ ಹಿಂದೆ ಅವಳು ಅವರ ಸ್ಕೂಲಿನಲ್ಲಿ ಕಾರು ಕಲಿತು, ಕೈ ತೋರಿಸದೆ ತಿರುಗಿ, ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದಳು. ಮೇಷ್ಟ್ರು ಕೊಳದ ಅಂಚು ಹಿಡಿದು ನೀರಿಗಿಳಿದಾಗ ಅವಳು ಸೀಟಿಯನ್ನು ಬಾಯಿಂದ ತೆಗೆದು, ಬಹಳ ದಿನ ಕಾದಿಟ್ಟುಕೊಂಡವಳ ಹಾಗೆ ಕೂಗಿದಳು:

"ಕಾಲು ಎಲ್ಲಿದೆ ಸಾರ್? ನಿಮ್ಮ ಕಾಲು ಎಲ್ಲಿದೆ?"

ಕಾಲು ಎಲ್ಲೂ ಹೋಗಿರಲಿಲ್ಲ. ಬಲಗಾಲು ನೀರಿನಲ್ಲಿ ಬ್ರೇಕ್ ಹುಡುಕುತ್ತಿತ್ತು. ಎಡಗಾಲು ಮಾತ್ರ ಒದೆಯುತ್ತಿದ್ದುದರಿಂದ ಮೇಷ್ಟ್ರು ಮೊದಲ ವಾರವೆಲ್ಲ ಒಂದೇ ಜಾಗದಲ್ಲಿ ವೃತ್ತಾಕಾರವಾಗಿ ತಿರುಗಿದರು. ಮನೆಗೆ ಬಂದು ಊಟಕ್ಕೆ ಕೂತಾಗ ಕಿವಿಯಿಂದ ನೀರು ಸೋರುತ್ತಿತ್ತು. "ಎಷ್ಟು ಕೂಗ್ತಾಳೆ ಕಣೇ ಆ ಹುಡುಗಿ," ಎಂದರು. "ಅವಳು ಕೂಗಿದಾಗ ಬರೋದೂ ಮರೆತುಹೋಗುತ್ತೆ." ಹೆಂಡತಿ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು. ಆ ವಾರದಿಂದ ಮೇಷ್ಟ್ರ ಕಾರಿನ ಗಾಜು ಇಳಿಸಿದ್ದರೂ ಬೀದಿಗೆ ಅವರ ದನಿ ಅಷ್ಟಾಗಿ ಕೇಳಿಸುತ್ತಿರಲಿಲ್ಲ. ಅದನ್ನು ಮೊದಲು ಗಮನಿಸಿದವನು ಎದುರು ಸ್ಕೂಲಿನವನು. ಅವನಿಗೆ ಸ್ವಲ್ಪ ಕಳವಳವೂ ಆಯಿತು.

ಸ್ಪರ್ಧೆಯ ದಿನ ಕೆರೆಯಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು, ಮೊದಲ ತಿರುವಿನವರೆಗೆ. ಅಲ್ಲಿ ನೀರಿನ ಮೇಲೆ ತೇಲುವ ಕಿತ್ತಳೆ ಬಣ್ಣದ ದೊಡ್ಡ ಗಾಳಿಚೆಂಡು. ಅದನ್ನು ಸುತ್ತಿ ಬಲಕ್ಕೆ ತಿರುಗಬೇಕು. ಮೇಷ್ಟ್ರು ನಿಯಮದ ಪ್ರಕಾರ ತಿರುವಿಗೆ ಸಾಕಷ್ಟು ಮೊದಲೇ ಬಲಗೈಯನ್ನು ನೀರಿನಿಂದ ಪೂರ್ತಿ ಹೊರಗೆ ಎತ್ತಿ ಚಾಚಿದರು. ಕೈ ಎತ್ತಿದ ಕಾರಣ ತಲೆ ಮುಳುಗಿತು. ತಲೆ ಮುಳುಗಿದರೂ ಕೈ ಇಳಿಸಲಿಲ್ಲ, ಏಕೆಂದರೆ ತಿರುವು ಇನ್ನೂ ಮುಗಿದಿರಲಿಲ್ಲ.

ಕಾವಲು ದೋಣಿಯಲ್ಲಿ ಕೋಚ್ ಹುಡುಗಿಯೇ ಇದ್ದಳು. ದೋಣಿ ನುಗ್ಗಿ ಬಂತು. ರಬ್ಬರಿನ ಬಳೆ ಹಾರಿ ಬಂದು ಮೇಷ್ಟ್ರ ಕೊರಳಿಗೆ ಬಿತ್ತು.

"ಹಿಡ್ಕೊಳ್ಳಿ ಸಾರ್! ಹೆದರ್ಬೇಡಿ!"

"ಬಲಕ್ಕೆ ತಿರುಗ್ತಿದ್ದೀನಮ್ಮ!"

"ನೀರಲ್ಲಿ ಕೈ ಎತ್ತಿದ್ರೆ ಕಾಪಾಡಿ ಅಂತ ಅರ್ಥ ಸಾರ್!"

"ಹಾಗಾದ್ರೆ ಹಿಂದಿನೋರಿಗೆ ಹೇಗೆ ಗೊತ್ತಾಗ್ಬೇಕು?"

ಅವಳು ಬಳೆಯನ್ನು ಹಿಂದಕ್ಕೆ ಎಳೆದುಕೊಂಡಳು. ಎರಡನೆಯ ತಿರುವಿನಲ್ಲಿ ಅವರು ಮತ್ತೆ ಕೈ ಎತ್ತಿದರು. ಈ ಸಲ ದೋಣಿ ಬರಲಿಲ್ಲ. ಬದಲಿಗೆ ಹಿಂದೆ ಈಜುತ್ತಿದ್ದ ಇಬ್ಬರು, ಯಾವ ಕಾಲದಲ್ಲೋ ಅವರ ಕೈಯಲ್ಲಿ ಕಲಿತವರು, ತಮಗರಿವಿಲ್ಲದೆ ಕೈ ಎತ್ತಿ ಒಟ್ಟಿಗೆ ಮುಳುಗಿದರು. ದೋಣಿ ಅವರ ಕಡೆಗೆ ಹೋಯಿತು.

ಸೈಕಲ್ ದಾರಿ ಊರಿನ ಒಳಗೆ ಎರಡು ಸುತ್ತು. ವಾಹನಗಳನ್ನು ನಿಲ್ಲಿಸಿ ರಸ್ತೆ ಪೂರ್ತಿ ಖಾಲಿ ಮಾಡಿದ್ದರು. ಹೆಂಚಿನ ಕಾರ್ಖಾನೆಯ ಬಳಿಯ ನಾಲ್ಕು ರಸ್ತೆ ಕೂಡುವಲ್ಲಿ ಸಿಗ್ನಲ್ ದೀಪವನ್ನು ಆರಿಸುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಮೊದಲ ಸುತ್ತಿನಲ್ಲಿ ಅದು ಹಸಿರಾಗಿತ್ತು. ಎರಡನೆಯ ಸುತ್ತಿನಲ್ಲಿ ಮೇಷ್ಟ್ರು ಹತ್ತಿರ ಬರುವಾಗ ಹಳದಿಯಾಗಿ, ಕೆಂಪಾಯಿತು.

ಕೆಂಪು ಕಂಡ ಮೇಲೆ ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಸಾಮಾನ್ಯ ಮನುಷ್ಯನಿಗೆ ಸುಮಾರು ಒಂದು ಸೆಕೆಂಡು ಬೇಕು. ಅಷ್ಟರೊಳಗೆ ಮನಸ್ಸಿಗೆ ಬೇರೆ ವಿಚಾರ ಬರಲೂ ಅವಕಾಶವಿದೆ. ಮೇಷ್ಟ್ರ ವಿಷಯದಲ್ಲಿ ಆ ಅವಕಾಶ ಎಂದೋ ಮುಚ್ಚಿಹೋಗಿತ್ತು. ಸೈಕಲ್ಲು ಬಿಳಿ ಗೆರೆಗಿಂತ ಒಂದು ಗೇಣು ಹಿಂದೆ ನಿಂತಿತು.

ಅವರ ಹಿಂದೆ ಬರುತ್ತಿದ್ದ ಹಸಿರು ಟೋಪಿಯವನು ನಿಂತ. ಅವನ ಹಿಂದೆ ಇಬ್ಬರು ನಿಂತರು. ತಾನೂ ಸ್ಪರ್ಧೆಗೆ ಸೇರಿದ್ದು ಆಮೇಲೆ ಬಂದ ಎದುರು ಸ್ಕೂಲಿನವನೂ, ಸಾವಿರಗಟ್ಟಲೆ ಸುರಿದು ಕೊಂಡ ರೇಸ್ ಸೈಕಲ್ಲಿನ ಮೇಲಿಂದ ಒಂದು ಕಾಲು ನೆಲಕ್ಕಿಟ್ಟು ನಿಂತ. ಖಾಲಿ ರಸ್ತೆಯಲ್ಲಿ, ಅಂತರ ಬಿಟ್ಟುಕೊಂಡು, ಎಡಬದಿಗೆ ಒಂದೇ ಸಾಲು. ಸ್ವಯಂಸೇವಕರಾಗಿ ಬಾವುಟ ಹಿಡಿದು ಅಲ್ಲಿ ನಿಂತಿದ್ದ ಔಷಧಿ ಅಂಗಡಿಯವರು ಓಡಿ ಬಂದರು.

"ಯಾಕೆ ನಿಂತ್ರಿ? ಹೋಗಿ, ಹೋಗಿ! ಹಸಿರು ಬಾವುಟ ತೋರಿಸ್ತಿದ್ದೀನಲ್ಲ!"

"ಬಾವುಟ ಸಿಗ್ನಲ್ ಅಲ್ಲ," ಎಂದರು ಮೇಷ್ಟ್ರು. "ಪೊಲೀಸಿನೋರು ಕೈ ತೋರಿಸಿದ್ರೆ ಹೋಗ್ಬಹುದು. ಎಲ್ಲಿದ್ದಾರೆ?"

"ಟೀ ಕುಡಿಯೋಕೆ ಹೋಗಿದ್ದಾರೆ!"

"ಬರ್ಲಿ."

"ಸಾರ್, ದಯವಿಟ್ಟು ಹೋಗಿ ಸಾರ್," ಎಂದು ಎದುರು ಸ್ಕೂಲಿನವನು ಹಿಂದಿನಿಂದ ಗೋಗರೆದ. "ನೀವು ಹೋಗದೆ ನಂಗೆ ಕಾಲು ಎತ್ತೋಕೆ ಆಗ್ತಿಲ್ಲ."

"ನಿಂಗೆ ಯಾರು ಕಲಿಸಿದ್ದು?"

"ನೀವೇ ಸಾರ್."

"ಮತ್ತೆ? ಸುಮ್ನೆ ನಿಲ್ಲು."

ಅಷ್ಟರಲ್ಲಿ ಮೇಷ್ಟ್ರ ಶಿಷ್ಯನಲ್ಲದ ಯಾವನೋ ಒಬ್ಬ ಪಕ್ಕದಿಂದ ಸರ್ರನೆ ಹಾದು ಹೋದ. ಸಾಲಿನಲ್ಲಿದ್ದವರೆಲ್ಲ ಅವನ ಬೆನ್ನನ್ನು ಅಸಹ್ಯದಿಂದಲೂ ಹೊಟ್ಟೆಕಿಚ್ಚಿನಿಂದಲೂ ನೋಡಿದರು. ಮೇಷ್ಟ್ರಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ಕೆಂಪು ಕಾರು, ಅದರ ಕಿಟಕಿಯಲ್ಲಿ ಹೆಂಡತಿಯ ಮುಖ, ಎರಡೂ ಕಣ್ಣ ಮುಂದೆ ಸ್ಪಷ್ಟವಾಗಿದ್ದವು. ಆದರೆ ಕಾಲು ನೆಲ ಬಿಡಲೊಲ್ಲದು.

"ಇನ್ನೂ ಎಷ್ಟು ಹೊತ್ತು ಸಾರ್?" ಎಂದ ಹಸಿರು ಟೋಪಿಯವನು, ಅಳುವ ದನಿಯಲ್ಲಿ.

ಮೇಷ್ಟ್ರು ತಿರುಗಿ ನೋಡಲಿಲ್ಲ. ಆ ಕೆಂಪು ಒಟ್ಟು ಎಷ್ಟು ಹೊತ್ತು ಎಂಬುದು ಅವರಿಗೆ ಬಾಯಿಪಾಠ. "ತೊಂಬತ್ತು ಸೆಕೆಂಡ್ ಅಷ್ಟೇ," ಎಂದರು.

ಓಟದಲ್ಲಿ ಅವರು ಕೈಲಾದಷ್ಟು ಓಡಿದರು. ಕೊನೆಯ ತಿರುವಿನಲ್ಲಿ ಇಬ್ಬರು ದಾರಿ ತುಂಬ ನಡೆದುಕೊಂಡು ಹೋಗುತ್ತಿದ್ದರು. ಬಲಗಡೆ ಜಾಗವಿಲ್ಲದೆ, ಎಡಗಡೆಯಿಂದ ಹಿಂದಿಕ್ಕುವುದು ತಪ್ಪಾದ್ದರಿಂದ, ಮೇಷ್ಟ್ರು ಸ್ವಲ್ಪ ದೂರ ಅವರ ಹಿಂದೆಯೇ ಕೆಮ್ಮುತ್ತ ಓಡಿದರು. ಮುಕ್ತಾಯದ ಗೆರೆ ದಾಟಿದಾಗ ಗಡಿಯಾರ ಎರಡು ಗಂಟೆಯ ಮೇಲೆ ಒಂದು ನಿಮಿಷ ಹತ್ತು ಸೆಕೆಂಡು ತೋರಿಸುತ್ತಿತ್ತು.

ಸಿಗ್ನಲ್ ಬಳಿ ನಿಂತು ಎಲ್ಲ ನೋಡಿದ್ದ ಭಾವಮೈದುನ ಅಷ್ಟರಲ್ಲಿ ಅಕ್ಕನಿಗೆ ಸಿಗ್ನಲ್ಲಿನ ಕಥೆಯನ್ನೆಲ್ಲ ಹೇಳಿಯಾಗಿತ್ತು. ಅವರು ಮೇಷ್ಟ್ರ ತಲೆಯ ಮೇಲೆ ಟವೆಲ್ ಹಾಕಿದರು. ನಗು ತಡೆದುಕೊಂಡು ಅವರ ಕಣ್ಣಲ್ಲಿ ನೀರು ಬಂದಿತ್ತು.

"ಸಿಗ್ನಲ್ಲಲ್ಲಿ ನಿಂತಿದ್ದು ಕಳೆದ್ರೆ ನೀವು ಎರಡು ಗಂಟೆ ಒಳಗೇ ಬಂದ್ರಿ ರೀ. ಸಾಕು ಬಿಡಿ. ನಾಳೆಯಿಂದ ನಿಮ್ಮ ಕಾರಿಗೇ ಬರ್ತೀನಿ."

ಮೇಷ್ಟ್ರು ಟವೆಲಿನ ಒಳಗೇ ತಲೆ ಒರೆಸಿಕೊಂಡರು. ಅವರಿಗೆ ಬೇಕಾಗಿದ್ದ ಮಾತು ಅದೇ. ಹೂಂ ಎಂದರೆ ಮುಗಿಯುತ್ತಿತ್ತು.

"ಗೆರೆ ಮುಟ್ಟಿದ್ರೆ ಫೇಲು," ಎಂದರು. "ನಂಗೊಂದು ನ್ಯಾಯ, ಊರಿಗೊಂದು ನ್ಯಾಯ ಆಗಲ್ಲ."

"ಭಾವ, ನಿಮಗೇನು ತಲೆ ಕೆಟ್ಟಿದ್ಯಾ? ಅಕ್ಕನೇ ಒಪ್ಕೊಂಡ್ಲಲ್ಲ!"

"ಅವಳು ಒಪ್ಪಿದ್ರೆ ಗಡಿಯಾರ ಹಿಂದಕ್ಕೆ ಹೋಗುತ್ತೇನೋ?"

ಮರುದಿನ ಬೆಳಗ್ಗೆ ಮೇಷ್ಟ್ರು ಸ್ವತಃ ಹೆಂಡತಿಯನ್ನು ಕರೆದುಕೊಂಡು ಎದುರು ಸ್ಕೂಲಿಗೆ ಹೊರಟರು. ಸ್ಕೂಲು ಎದುರಿಗೇ ಇದ್ದರೂ, ರಸ್ತೆ ದಾಟುವ ಬಿಳಿ ಪಟ್ಟೆಗಳು ಬೀದಿಯ ತುದಿಯಲ್ಲಿ ಇದ್ದುದರಿಂದ, ಅಲ್ಲಿಯವರೆಗೂ ನಡೆದು, ದಾಟಿ, ಆ ಬದಿಯಿಂದ ವಾಪಸ್ ಬಂದರು. ಬೀದಿಯೆಲ್ಲ ನೋಡುತ್ತಿತ್ತು. ಎದುರು ಸ್ಕೂಲಿನವನು ಕುರ್ಚಿಯಿಂದ ಎದ್ದು ನಿಂತು, ತನ್ನ ಬೋರ್ಡಿಗೆ ಬೆನ್ನು ಕೊಟ್ಟು ಅದನ್ನು ಮರೆಮಾಡಲು ನೋಡಿದ.

"ಚೆನ್ನಾಗಿ ಕಲಿಸು," ಎಂದರು ಮೇಷ್ಟ್ರು. "ಬೋರ್ಡಲ್ಲಿ ಬರೆದಿರೋ ಹಾಗೇ."

ಅಂದಿನಿಂದ ಕೆಂಪು ಕಾರು ಕಿಟಕಿಯ ಮುಂದೆ ಹಾದು ಹೋದಾಗಲೆಲ್ಲ, ಕಚೇರಿಯ ಮೇಜಿನ ಕೆಳಗೆ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಆ ಜಾಗದ ಗಾರೆ ಸ್ವಲ್ಪ ಸವೆದಿದೆ. ಅವರ ಬಳಿ ಕಲಿಯಲು ಬರುವವರು ಕಡಿಮೆಯಾಗಲಿಲ್ಲ. ಹೆಂಡತಿಯನ್ನೇ ಎದುರು ಸ್ಕೂಲಿಗೆ ಸೇರಿಸಿದ ಮನುಷ್ಯ ಇವರೇನಾ ಎಂದು ನೋಡಲು ಬಂದು, ನಾಚಿಕೆಯಾಗಿ ಸೇರಿಕೊಂಡವರೇ ಹಲವರು.

ಹೆಂಡತಿ ಮೊದಲ ಸಲಕ್ಕೇ ಪಾಸಾದರು. ಹಳೆಯದೊಂದು ಸಣ್ಣ ಕಾರು ಕೊಂಡು, ಮೊದಲ ದಿನ ಹೊಸ ಶಾಖೆಗೆ ಹೊರಡುವಾಗ, "ಬನ್ನಿ ರೀ, ಪಕ್ಕದಲ್ಲಿ ಕೂತ್ಕೊಳ್ಳಿ," ಎಂದರು. ಮೇಷ್ಟ್ರು ಎಡಗಡೆಯ ಸೀಟಿನಲ್ಲಿ ಕೂತು ಕೆಳಗೆ ನೋಡಿದರು. ಅಲ್ಲಿ ಕಾಲೊರೆಸುವ ರಬ್ಬರು ಬಿಟ್ಟರೆ ಏನೂ ಇರಲಿಲ್ಲ. ಬೈಯಬಾರದು ಎಂದು ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡರು. ಬೈಗುಳಕ್ಕೂ ಕೈಗೂ ಏನು ಸಂಬಂಧವೋ, ಆದರೆ ಅದರಿಂದ ಅವರಿಗೆ ಅನುಕೂಲವಾಯಿತು.

ಹೆಂಚಿನ ಕಾರ್ಖಾನೆಯ ಬಳಿ ದೀಪ ಕೆಂಪಾಯಿತು. ಬೆಳಗಿನ ಹೊತ್ತು, ಅಡ್ಡರಸ್ತೆಯಲ್ಲಿ ಒಂದು ನಾಯಿ ಕೂಡ ಇರಲಿಲ್ಲ. ಮೇಷ್ಟ್ರ ಕಾಲು ರಬ್ಬರನ್ನು ಒತ್ತಿತು. ಅದು ಒತ್ತುವ ಮೊದಲೇ ಕಾರು ನಿಂತಾಗಿತ್ತು, ಬಿಳಿ ಗೆರೆಗಿಂತ ಒಂದು ಗೇಣು ಹಿಂದೆ.

ಹಿಂದಿನ ವ್ಯಾನಿನವನು ಒಂದೇ ಸಮನೆ ಹಾರ್ನ್ ಬಾರಿಸಿದ. ಖಾಲಿ ರಸ್ತೆಗೆ ಕೈ ತೋರಿಸಿ ಏನೋ ಕೂಗಿದ. ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿ ಕಿಟಕಿಯ ಗಾಜು ಇಳಿಸಿ, ಹಿಂದಕ್ಕೆ ತಿರುಗಿಯೂ ನೋಡದೆ, ಗಂಡ ಹೇಳಿದ್ದ ಧಾಟಿಯಲ್ಲೇ ಹೇಳಿದರು:

"ತೊಂಬತ್ತು ಸೆಕೆಂಡ್ ಅಷ್ಟೇ."