ಗಂಡನ ಹೆಸರಿನ ದೋಣಿ

ಲಕ್ಷ್ಮೇಶ್ವರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಸಮುದ್ರದಾಚೆಯ ಒಂದು ದ್ವೀಪದೇಶಕ್ಕೆ ಬರುವ ದೋಣಿಗಳ ಕಾಗದಪತ್ರ ನೋಡುತ್ತೇನೆ. ಸಮುದ್ರವನ್ನು ಇನ್ನೂ ಕಣ್ಣಾರೆ ಕಂಡಿಲ್ಲ. ಗದಗಿನಲ್ಲಿ ಬಿ.ಕಾಂ. ಮುಗಿಸಿ, ಬೆಟಗೇರಿಯ ಒಂದು ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಮೂರು ವರ್ಷ ದುಡಿದಿದ್ದೆ. ಅಬ್ಬಾ ತೀರಿಕೊಂಡ ಮೇಲೆ ಅಮ್ಮಿಯನ್ನು ಒಬ್ಬಳನ್ನೇ ಬಿಟ್ಟು ದಿನಾ ಬಸ್ಸಿನಲ್ಲಿ ಓಡಾಡಲು ಮನಸ್ಸಾಗದೆ, ಮನೆಯಿಂದಲೇ ಮಾಡುವ ಕೆಲಸ ಹುಡುಕಿದಾಗ ಇದು ಸಿಕ್ಕಿತು.

ನನಗೆ ಸಂಬಳ ಕೊಡುವವರು ಆ ದೇಶದ ಬಂದರೂರಿನಲ್ಲಿರುವ ಒಬ್ಬ ಏಜೆಂಟರು. ಸ್ವಂತ ಹಾಯಿದೋಣಿಯಲ್ಲಿ ದೇಶ ಸುತ್ತುವ ಜನ ಇದ್ದಾರೆಂಬುದು ನನಗೆ ಗೊತ್ತಾದದ್ದೇ ಅವರಿಂದ. ಅಂಥವರು ಆ ದೇಶದ ನೀರಿಗೆ ಬರುವ ಮೊದಲೇ ಪರವಾನಗಿ ಕೇಳಬೇಕು. ದೋಣಿಯ ನೋಂದಣಿ ಪತ್ರ, ವಿಮೆ, ಒಳಗಿರುವವರ ಪಾಸ್‌ಪೋರ್ಟು, ಹಿಂದಿನ ಬಂದರು ಬಿಟ್ಟುಬಂದ ದಾಖಲೆ, ಎಲ್ಲ ಬೇಕು. ಫೀ ದೋಣಿಯ ಉದ್ದದ ಮೇಲೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಲು ಬೇರೆ ಪರವಾನಗಿ. ಇವನ್ನೆಲ್ಲ ತಾಳೆ ನೋಡಿ, ಕೊರತೆಯಿದ್ದರೆ ಕೇಳಿ ತರಿಸಿ, ಅರ್ಜಿ ತುಂಬಿ ಕಳಿಸುವುದು ನನ್ನ ಕೆಲಸ.

ಕಳೆದ ಚಳಿಗಾಲದಲ್ಲಿ ಒಬ್ಬ ಹೆಂಗಸಿನ ಅರ್ಜಿ ಬಂತು. ಅರವತ್ತು ದಾಟಿದ ವಯಸ್ಸು. ಗಂಡ ಹೆಂಡತಿ ಇಬ್ಬರೂ ಕೂಡಿ ಆರೇಳು ವರ್ಷದಿಂದ ಆ ದೋಣಿಯಲ್ಲೇ ಇದ್ದರಂತೆ. ಹಿಂದಿನ ದೇಶದಲ್ಲಿ ಲಂಗರು ಹಾಕಿದ್ದಾಗ ಗಂಡನಿಗೆ ಎದೆನೋವು ಬಂದು, ಅಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಈಗ ಅಲ್ಲಿ ದೋಣಿ ಇರಬಹುದಾದ ಅವಧಿ ಮುಗಿಯುತ್ತ ಬಂದಿತ್ತು. ಹಳೆಯ ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಈ ದ್ವೀಪಗಳಿಗೆ ಬರುತ್ತೇನೆ ಎಂದು ಬರೆದಿದ್ದಳು. ಆದರೆ ನೋಂದಣಿ ಪತ್ರದಲ್ಲಿದ್ದದ್ದು ಗಂಡನ ಹೆಸರೊಂದೇ.

ಏಜೆಂಟರಿಗೆ ಕೇಳಿದೆ. ಮಾಲೀಕ ದೋಣಿಯಲ್ಲಿ ಇಲ್ಲದಿದ್ದರೆ ಅವನ ಒಪ್ಪಿಗೆಪತ್ರ ಬೇಕು, ಸತ್ತವನ ಒಪ್ಪಿಗೆ ಎಲ್ಲಿಂದ ತರುವುದು, ಆಗುವುದಿಲ್ಲವೆಂದು ಬರೆದುಬಿಡು ಎಂದರು. ಅವರು ಕೆಟ್ಟವರಲ್ಲ. ಆ ವಾರ ಬಂದರಿನಲ್ಲಿ ದೋಣಿಗಳ ಸಾಲೇ ನಿಂತಿತ್ತು. ಅವರು ಹೇಳಿದಂತೆ ಬರೆದೆ. ಕಳಿಸಲು ಮಾತ್ರ ಬೆರಳು ಮುಂದಾಗಲಿಲ್ಲ. ಲ್ಯಾಪ್‌ಟಾಪು ಹಾಗೆಯೇ ಬಿಟ್ಟು ಹೊರಗೆ ಕಟ್ಟೆಯ ಮೇಲೆ ಬಂದು ಕುಳಿತೆ.

ನಮ್ಮ ಪಕ್ಕದ ಮನೆಯ ಕಾಕಾ ತಲಾಠಿಯಾಗಿ ನಿವೃತ್ತರಾದವರು. ಶಿರಹಟ್ಟಿ, ಮುಂಡರಗಿ ಕಡೆಯ ಹತ್ತಾರು ಹಳ್ಳಿಗಳ ಹೊಲದ ದಾಖಲೆ ಬರೆದ ಕೈ ಅವರದು. ಅಬ್ಬಾನ ಗೆಳೆಯರು. ನನ್ನನ್ನು ಕಂಡು, ಯಾಕವ್ವಾ ಮಾರಿ ಸಣ್ಣ ಮಾಡಿಕೊಂಡಿ ಎಂದು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತ ಪೂರ್ತಿ ಕೇಳಿದರು.

"ಆ ಹೆಣ್ಮಗಳ ಕಡೆ ಏನೇನು ಕಾಗದ ಅದಾವ ಅಂತ ಕೇಳೀಯೇನು?" ಎಂದರು.

"ಇಲ್ಲರಿ ಕಾಕಾ."

"ಮತ್ತ ಆಗೂದಿಲ್ಲ ಅಂತ ಹೆಂಗ ಬರದಿ?"

ಆಮೇಲೆ ಅವರೇ ಬಿಡಿಸಿ ಹೇಳಿದರು. ಹೊಲದ ಯಜಮಾನ ಸತ್ತರೆ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ವಾರಸುದಾರರ ಹೆಸರು ಬರಲು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಹೊಲವನ್ನೇನು ಬೀಳು ಬಿಡುವುದಿಲ್ಲ. ತಾವು ಹಮ್ಮಿಗಿಯಲ್ಲಿದ್ದಾಗ ಹರಿಗೋಲು ನಡೆಸುವವನೊಬ್ಬ ತೀರಿಕೊಂಡ. ಮರುವಾರವೇ ಅವನ ಹೆಂಡತಿ ಹುಟ್ಟು ಹಿಡಿದಳು. ತುಂಗಭದ್ರೆಯ ಆಚೆಗೆ ಹೊಲ ಇದ್ದವರೆಲ್ಲ ಅವಳ ಹರಿಗೋಲಿನಲ್ಲೇ ದಾಟಿದರು, ಯಾರೂ ಬೇಡವೆನ್ನಲಿಲ್ಲ.

"ಅಧಿಕಾರಿಗೆ ಬೇಕಾಗಿದ್ದು ಇಷ್ಟ," ಎಂದರು ಕಾಕಾ. "ನಾಳೆ ಏನರ ಆದ್ರ ಜವಾಬ್ದಾರಿ ಯಾರದು? ಅದನ್ನ ಕಾಗದದಾಗ ತೋರಿಸು. ಸಾವಿನ ದಾಖಲೆ, ಲಗ್ನದ ದಾಖಲೆ, ಹೆಸರು ಬದಲಿಗೆ ಅರ್ಜಿ ಹಾಕಿದ್ದಕ್ಕ ಅವರು ಕೊಟ್ಟ ರಸೀದಿ. ಒಂದರ ಬೆನ್ನಿಗೆ ಒಂದು ಇಡು."

ಬರೆದಿಟ್ಟಿದ್ದ ಪತ್ರವನ್ನು ಅಳಿಸಿ ಆ ಹೆಂಗಸಿಗೆ ಬೇರೆ ಪತ್ರ ಬರೆದೆ. ಸಂಜೆಯೊಳಗೆ ಉತ್ತರ ಬಂತು. ಇಷ್ಟು ದಿನ ಎಲ್ಲರೂ ದೋಣಿ ಮಾರಿ ಊರಿಗೆ ಹೋಗು ಅಂದರೇ ಹೊರತು ನಿನ್ನ ಹತ್ತಿರ ಏನಿದೆ ಎಂದು ಯಾರೂ ಕೇಳಿರಲಿಲ್ಲ ಎಂದು ಬರೆದಿದ್ದಳು. ದೋಣಿ ನಡೆಸುವ ಪರೀಕ್ಷೆ ಗಂಡನಿಗಿಂತ ಮೊದಲು ಪಾಸು ಮಾಡಿದವಳು ಅವಳೇ. ವಿಮೆ ಇಬ್ಬರ ಹೆಸರಿನಲ್ಲೂ ಇತ್ತು. ಗಂಡ ಬರೆದಿಟ್ಟ ಮೃತ್ಯುಪತ್ರ ಇತ್ತು, ಅದನ್ನು ನೋಡಿಕೊಳ್ಳುವ ವಕೀಲರು ಅವಳ ದೇಶದಲ್ಲಿದ್ದರು. ನಾಲ್ಕು ದಿನದಲ್ಲಿ ವಕೀಲರ ಪತ್ರವೂ ಹೆಸರು ಬದಲಾವಣೆಯ ಅರ್ಜಿಯ ಸ್ವೀಕೃತಿಯೂ ಬಂದವು.

ಏಜೆಂಟರು ಮೊದಲು ಒಪ್ಪಲಿಲ್ಲ. ಒಂದು ಅರ್ಜಿ ತಿರುಗಿ ಬಂದರೆ ಉಳಿದ ದೋಣಿಗಳವರೂ ಕಾಯಬೇಕಾಗುತ್ತದೆ ಎಂದರು. ಪತ್ರ ನಾನೇ ಬರೆಯುತ್ತೇನೆ, ನೀವು ಓದಿ ಸರಿಯೆನಿಸಿದರಷ್ಟೇ ಕಳಿಸಿರಿ ಎಂದು ಕೇಳಿಕೊಂಡೆ. ಕಾಕಾ ಹೇಳಿದ ಕ್ರಮದಲ್ಲೇ ಕಾಗದಗಳನ್ನು ಜೋಡಿಸಿದೆ. ಅವರು ಓದಿ, ಮರುದಿನ ಕಳಿಸಿದರು. ಅಲ್ಲಿಯ ಕಸ್ಟಮ್ಸ್ ಅಧಿಕಾರಿಯಿಂದ ಎರಡೇ ಪ್ರಶ್ನೆ ಬಂದವು: ಕಪ್ತಾನ ಯಾರು, ಫೀ ಕಟ್ಟಿದ ರಸೀದಿ ಯಾರ ಹೆಸರಿಗೆ? ಎರಡಕ್ಕೂ ನಾನು ಆ ಹೆಂಗಸಿನ ಹೆಸರನ್ನೇ ಬರೆದೆ.

ಪರವಾನಗಿ ಸಿಕ್ಕಿತು. ಒಂದು ತಿಂಗಳಿಗೆ ಮಾತ್ರ. ಹೆಸರು ಬದಲಾದ ಪತ್ರ ತೋರಿಸಿದರೆ ಮುಂದುವರಿಸುತ್ತೇವೆ ಎಂಬ ಷರತ್ತಿತ್ತು. ಆ ಕಾಗದ ಕಂಡಾಗ ನನಗೆ ಕೂಗಿ ಹೇಳಬೇಕೆನಿಸಿತು. ಚಪ್ಪಲಿ ಕೂಡ ಹಾಕಿಕೊಳ್ಳದೆ ಕಾಕಾನ ಮನೆಗೆ ಹೋದೆ. ಅವರು ಮೊಬೈಲನ್ನು ಕೈಗೆ ತೆಗೆದುಕೊಂಡು, ದೊಡ್ಡದು ಮಾಡಿಸಿಕೊಂಡು, ಮೇಲಿನ ಮುದ್ರೆಯಿಂದ ಕೆಳಗಿನ ಸಹಿಯವರೆಗೆ ನೋಡಿದರು. ಆಮೇಲೆ ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಅಮ್ಮಿಯ ಕಡೆ ತಿರುಗಿದರು.

"ನಿಮ್ಮ ಅಂಗಡಿದು ವಾರಸಾ ಆತೇನ್ರಿ?"

ಅಮ್ಮಿ ಸೆರಗು ಸರಿಮಾಡಿಕೊಂಡು ಮನೆಯ ಕಡೆ ತಿರುಗಿದಳು. ಜೋಳ, ಕಡಲೆ ಮಾರುತ್ತಿದ್ದ ಅಬ್ಬಾನ ಅಂಗಡಿ ಎರಡು ವರ್ಷದಿಂದ ಬಾಗಿಲು ಹಾಕಿತ್ತು. ಪುರಸಭೆಯ ಉತಾರದಲ್ಲಿ ಇನ್ನೂ ಅವರ ಹೆಸರೇ ಇತ್ತು. ಅದನ್ನು ತೆಗೆಸುವುದೆಂದರೆ ಅವರನ್ನು ಇನ್ನೊಮ್ಮೆ ಕಳಿಸಿಕೊಟ್ಟಂತೆ ಎಂದು ಅವಳಿಗೆ ಅನ್ನಿಸುತ್ತಿತ್ತು. ನನಗದು ಗೊತ್ತಿತ್ತು, ಹಾಗಾಗಿ ನಾನು ಆ ಮಾತೇ ಎತ್ತಿರಲಿಲ್ಲ. ಮರುದಿನ ರೊಟ್ಟಿ ಬಡಿಯುತ್ತ, ಆ ಸಮುದ್ರದ ಹೆಂಗಸು ಗಂಡ ಸತ್ತು ಎಷ್ಟು ದಿನಕ್ಕೆ ಅರ್ಜಿ ಹಾಕಿದಳು ಎಂದು ಕೇಳಿದಳು. ಹೇಳಿದೆ. ಇನ್ನೆರಡು ರೊಟ್ಟಿ ಬೇಯಿಸಿದ ಮೇಲೆ, ಸೋಮವಾರ ಪುರಸಭೆ ತೆರೆದಿರುತ್ತದೆಯೇ ಎಂದಳು.

ಕಾಕಾ ನಮ್ಮ ಜೊತೆ ಬಂದರು. ಎರಡು ಸಲ ಓಡಾಡಬೇಕಾಯಿತು, ಒಂದು ಪತ್ರದಲ್ಲಿ ಅಬ್ಬಾನ ಹೆಸರಿನ ಅಕ್ಷರ ಬೇರೆಯಾಗಿತ್ತು. ಹೊಸ ಉತಾರ ಕೈಗೆ ಬಂದ ದಿನ ಅಮ್ಮಿ ತನ್ನ ಹೆಸರನ್ನು ನನ್ನಿಂದ ಮೂರು ಸಲ ಓದಿಸಿದಳು. ಅಂಗಡಿ ಈಗ ತೆರೆದಿದೆ. ಧಾನ್ಯವಲ್ಲ, ಶಾವಿಗೆ, ಹಪ್ಪಳ, ಖಾರಪುಡಿ. ಬೆಳಗಿನ ಹೊತ್ತು ಅವಳೇ ಕೂಡುತ್ತಾಳೆ.

ದೋಣಿ ತನ್ನ ಹೆಸರಿಗಾಗಿ ಪರವಾನಗಿಯೂ ಮುಂದುವರಿದ ಮೇಲೆ ಆ ಹೆಂಗಸು ದ್ವೀಪದಿಂದ ಒಂದು ದಿನ ವಿಡಿಯೊ ಕಾಲ್ ಮಾಡಿದಳು. ಬಿಸಿಲಿಗೆ ಕೆಂಪಾದ ಮುಖ, ಮೋಟು ಕೂದಲು. ಫೋನು ತಿರುಗಿಸಿ ನನಗೆ ಸಮುದ್ರ ತೋರಿಸಿದಳು. ನಿನ್ನ ಬೀದಿ ತೋರಿಸು ಎಂದಳು. ನಾನು ಅಂಗಡಿಯಲ್ಲಿದ್ದೆ. ಎದುರಿನ ಲಾರಿಯಿಂದ ಕಡಲೆ ಚೀಲ ಇಳಿಸುತ್ತಿದ್ದವರನ್ನು, ಅಂಗಡಿಯ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಕಾಕಾನನ್ನು ತೋರಿಸಿದೆ. ಆಮೇಲೆ ಅಮ್ಮಿಯನ್ನು. ಅಮ್ಮಿ ಮೊದಲು ಮುಖ ತಿರುಗಿಸಿದಳು, ಬಳಿಕ ಹತ್ತಿರ ಬಂದು ಫೋನಿನೊಳಗೆ ಬಗ್ಗಿ ನೋಡಿದಳು.

"ನೀರಾಗ ಏನು ಉಣ್ತಿ, ಕೇಳು," ಎಂದಳು ನನಗೆ, ಮನೆಯ ಉರ್ದು ಬಿಟ್ಟು, ಕಾಕಾಗೂ ತಿಳಿಯಲೆಂದು ಕನ್ನಡದಲ್ಲಿ.

ನಾನು ಕೇಳಿದೆ. ಆ ಹೆಂಗಸು ನಕ್ಕು, ಮೆಟ್ಟಿಲಿಳಿದು ದೋಣಿಯ ಪುಟ್ಟ ಅಡುಗೆಮನೆಗೆ ಹೋಗಿ, ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದಳು. ಅನ್ನ, ಬೇಳೆ.