ಕಲ್ಲಮ್ಮನ ಹೆಸರಿಗೆ ಎರಡು ಬಾಗಿಲು

ನಲ್ಲೂರಿನ ಶಿವಮೂರ್ತಪ್ಪನಿಗೆ ತಾಯಿ ಕಲ್ಲಮ್ಮನಿಂದ ಬಂದದ್ದು ಎರಡೇ: ಉದ್ದ ಮೂಗು, ಊಟದೆಲೆಯ ಕಸುಬು. ಕಲ್ಲಮ್ಮ ಮುತ್ತುಗದ ಎಲೆ ಹಚ್ಚಿ ಮದುವೆಮನೆಗಳಿಗೆ ಕೊಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಮಗ ಯಂತ್ರ ತಂದು ಅಡಿಕೆ ಹಾಳೆಯ ತಟ್ಟೆ ಒತ್ತಿದ, ತಟ್ಟೆಗೆ ಅವ್ವನ ಹೆಸರನ್ನೇ ಇಟ್ಟ. ಚನ್ನಗಿರಿ ಪೇಟೆಯಲ್ಲಿ ನಾನೂ ಅದನ್ನು ಮಾರಿದವನೇ. ಸಾರು ಸೋರಿತೆಂದು ಒಬ್ಬರೂ ತಿರುಗಿ ಬರಲಿಲ್ಲ.

ಶಿವಮೂರ್ತಪ್ಪನ ಮಗಳು ಸಂಧ್ಯಾರಾಣಿ ಅಜ್ಜಿಯ ಹೆಸರಿನಲ್ಲಿ ವೆಬ್‌ಸೈಟ್ ಮಾಡಿದಳು. ಹೆಸರಿನ ಕೊನೆಗೆ ಡಾಟ್ ಇನ್. ಆರು ವರ್ಷದಲ್ಲಿ, ಹೊನ್ನಾಳಿಯಲ್ಲಿ ಕೂತು ಗೂಗಲ್‌ನಲ್ಲಿ ಹಾಳೆ ತಟ್ಟೆ ಹುಡುಕಿದರೂ, ಪುಣೆಯಲ್ಲಿ ಕೂತು ಹುಡುಕಿದರೂ ಮೊದಲು ಕಾಣುವವಳು ಕಲ್ಲಮ್ಮನೇ. ಹಾಗೆ ಬರುವ ಫೋನುಗಳ ಮೇಲೆಯೇ ನಾಲ್ಕು ಯಂತ್ರ ಓಡುತ್ತಿದ್ದವು, ಎಂಟು ಹೆಂಗಸರ ಒಲೆ ಉರಿಯುತ್ತಿತ್ತು.

ದಾವಣಗೆರೆಯ ವಸ್ತುಪ್ರದರ್ಶನದಲ್ಲಿ ಟೈ ಕಟ್ಟಿದ ಒಬ್ಬ, “ಡಾಟ್ ಇನ್ ಅಂದ್ರೆ ಹೊರದೇಶದೋರು ಮುಟ್ಟಲ್ಲ, ಡಾಟ್ ಕಾಮ್ ಮಾಡ್ರಿ” ಎಂದ. ಊರು ತಲುಪುವುದರೊಳಗೆ ಶಿವಮೂರ್ತಪ್ಪ ಬಸ್ಸಿನಲ್ಲೇ ಅರ್ಧ ಜರ್ಮನಿಗೆ ತಟ್ಟೆ ಹಾಕಿ ಬಡಿಸಿಯಾಗಿತ್ತು.

“ತಗೋಪ್ಪ, ಬ್ಯಾಡ ಅನ್ನಲ್ಲ,” ಎಂದಳು ಮಗಳು. “ಆದ್ರೆ ನಮ್ ಗಿರಾಕಿಗಳೆಲ್ಲ ಈ ದೇಶದೋರು. ಡಾಟ್ ಇನ್ ಇದ್ರೆ ಇದು ಇಲ್ಲೀದು ಅಂತ ಗೂಗಲ್‌ಗೆ ಗೊತ್ತಾಗ್ತೈತೆ. ಅದನ್ನ ಬಿಡಬ್ಯಾಡ. ಹಳೇದಕ್ಕೆ ಬಂದೋರು ಸೀದಾ ಹೊಸದಕ್ಕೆ ಹೋಗೋ ಹಂಗೆ ಮಾಡಾಕೆ ಬರ್ತೈತೆ.”

“ಒಂದು ಅಂಗಡಿಗೆ ಎರಡು ಬೋರ್ಡೇನವ್ವಾ? ಲಕ್ಷ್ಮಿ ಯಾವ ಬಾಗಿಲಿಗೆ ಬರಬೇಕು, ನೀನೇ ಹೇಳು.”

ಅವರ ಮನೆಯ ಕ್ರಮ ಅದು. ಅಂಗಡಿಯ ಜಾಗ ಬದಲಿಸಿದ ದಿನವೇ ಹಳೆ ಬೋರ್ಡು ಇಳಿಸಬೇಕು, ಹಳೆ ಹೊಸ್ತಿಲತ್ತ ತಿರುಗಿ ನೋಡಬಾರದು. ನಾನೂ ಹಾಗೇ ಮಾಡಿದ್ದೇನೆ. ಆದರೆ ನನ್ನ ಹೊಸ ಅಂಗಡಿ ಹಳೆಯದರಿಂದ ಹತ್ತು ಹೆಜ್ಜೆ. ಕೂಗಿದರೆ ಗಿರಾಕಿಗೆ ಕೇಳಿಸುತ್ತದೆ.

ಒಂದು ಸೋಮವಾರ ಡಾಟ್ ಕಾಮ್‌ಗೆ ಕಾಯಿ ಒಡೆದು, ಮಗಳ ಕೈಯಿಂದಲೇ ಡಾಟ್ ಇನ್ ಬಂದ್ ಮಾಡಿಸಿದ. ವರ್ಷದ ಹಣ ಕಟ್ಟಿ ಆ ಹೆಸರು ನವೀಕರಿಸಿ, ಇಲ್ಲದಿದ್ದರೆ ಬೇರೆಯವರ ಪಾಲಾಗುತ್ತದೆ ಎಂದು ಸಂದೇಶ ಬಂದಾಗಲೂ ಬೇಡವೆಂದ.

ಜರ್ಮನಿ ಫೋನ್ ಮಾಡಲಿಲ್ಲ. ಹೊನ್ನಾಳಿಯೂ ನಿಲ್ಲಿಸಿತು. ಹೊಸ ವಿಳಾಸ ಗೂಗಲ್‌ನ ಏಳನೇ ಪುಟದಲ್ಲಿತ್ತು. ಊಟದ ತಟ್ಟೆಗಾಗಿ ಅಷ್ಟು ದೂರ ಯಾರು ಹೋಗುತ್ತಾರೆ? ಮೊದಲು ಮೂರು ಯಂತ್ರ ನಿಂತವು, ಆಮೇಲೆ ಐವರು ಹೆಂಗಸರು ಮನೆಗೆ ಹೋದರು. ಕಲ್ಲಮ್ಮನ ಜೊತೆ ಎಲೆ ಹಚ್ಚಿದ್ದ ಹನುಮಂತಮ್ಮನೂ ಅವರಲ್ಲೊಬ್ಬಳು. “ನಾಳೆ ಬರ್ಲೇನೋ ಮೂರ್ತಪ್ಪ?” ಎಂದು ಕೆಲವು ದಿನ ಕೇಳಿದಳು. ಕೇಳುವುದನ್ನೂ ಬಿಟ್ಟಳು.

ವರ್ಷದ ಮೇಲೆ ನ್ಯಾಮತಿಯ ಅಡುಗೆ ಕಂಟ್ರಾಕ್ಟರ್ ಓಬಣ್ಣ ಫೋನಿನಲ್ಲಿ ಹರಿಹಾಯ್ದ. “ಏನ್ರೀ, ಹೆತ್ತವ್ವನ ಹೆಸರಿಟ್ಟು ಇಂಥ ತಟ್ಟೆ ಕಳಿಸ್ತೀರಲ್ಲ! ಬೀಗರ ತೊಡೆ ಮ್ಯಾಲೆ ಬಿಸಿ ಸಾರು ಬಿತ್ರೀ!”

“ನಾನು ಕಳಿಸಿಲ್ಲ ಓಬಣ್ಣ.”

“ಅದೇ ಡಾಟ್ ಇನ್ನೇ ಐತಲ್ರೀ! ಯಾವಾಗ್ಲೂ ಅಲ್ಲೇ ತಗಳೋದು.”

ಬಿಟ್ಟ ಹೆಸರನ್ನು ಜಗಳೂರಿನ ತಟ್ಟೆ ವ್ಯಾಪಾರಿ ಬೆನಕಪ್ಪ ದುಡ್ಡು ಕಟ್ಟಿ ಎತ್ತಿಕೊಂಡಿದ್ದ. ಶಿವಮೂರ್ತಪ್ಪ ಬಸ್ಸು ಬದಲಿಸುತ್ತ ಅಲ್ಲಿಗೆ ಹೋಗಿ ಕೈಮುಗಿದ. ಬೆನಕಪ್ಪ ಹೆಸರು ಕೊಡಲಿಲ್ಲ, ಟೀ ಕೊಟ್ಟ. “ನಿಮ್ ತಟ್ಟೆ ಗಟ್ಟಿ ಅಂತಾರೆ. ನನಗೇ ಹಾಕ್ರಿ. ಹೆಸರು ಹೆಂಗೂ ಅದೇ ಐತಲ್ಲ.”

ಈಗ ಪ್ರತಿ ಬುಧವಾರ ನಲ್ಲೂರಿನಿಂದ ಜಗಳೂರಿಗೆ ಬಿಳಿ ಚೀಲಗಳು ಹೋಗುತ್ತವೆ. ಅವುಗಳ ಮೇಲೆ ಏನನ್ನೂ ಬರೆಯಬಾರದೆಂದು ಕರಾರು. ಹನುಮಂತಮ್ಮ ಕೆಲಸಕ್ಕೆ ಮರಳಿದ್ದಾಳೆ. ಮೊದಲ ದಿನ ಹಳೆ ಚೀಟಿಗಳ ಕಟ್ಟು ಹುಡುಕಿ ತೆಗೆದು, “ಅವ್ವನ ಹೆಸರು ಅಂಟಿಸ್ಲೇನೋ?” ಎಂದಳು.

“ಬ್ಯಾಡ ಬಿಡಕ್ಕ,” ಎಂದ ಶಿವಮೂರ್ತಪ್ಪ. “ಅವ್ವ ಈಗ ಜಗಳೂರಾಗೆ ಅದಾಳೆ.”