ಹೆದರುವವರು ನಡುವೆ ನಡೆಯಲಿ

ಎತ್ತರ ಕಂಡರೆ ನನಗೆ ಭಯ. ಅಡಿಲೇಡಿನ ಮಾಡ್ಬರಿಯಲ್ಲಿರುವ ನನ್ನ ಮನೆಯಲ್ಲಿ ಬಚ್ಚಲಿನ ಬಲ್ಬು ಹೋದಾಗ, ಸ್ಟೂಲು ಹತ್ತಲಾರದೆ ಎರಡು ವಾರ ಮೊಬೈಲ್ ಬೆಳಕಿನಲ್ಲಿ ಸ್ನಾನ ಮಾಡಿದವಳು ನಾನು. ಇದನ್ನು ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ ವಿದ್ಯುತ್ ಉಳಿತಾಯದ ಬಗ್ಗೆ ಐದು ನಿಮಿಷ ಭಾಷಣ ಮಾಡಿ ಕಳಿಸಿದ್ದೆ. ಅಂಥವಳು ಗ್ರೀಸ್ ದೇಶದ ಕಮರಿಯೊಂದನ್ನು ನಡೆದೇ ದಾಟಬೇಕಾಗಿ ಬಂದದ್ದು ವಾದದಲ್ಲಿ ಗೆದ್ದದ್ದರಿಂದ. ಸೋತಿದ್ದರೆ ಕಡಲತೀರದಲ್ಲಿ ಕುಳಿತು ಆಲಿವ್ ತಿನ್ನುತ್ತಿದ್ದೆ.

ಮೂಲದಲ್ಲಿ ತಪ್ಪು ಒಂದು ಚೀಟಿಯದು. ಪರ್ತ್‌ನ ಬೆಂಟ್ಲಿಯಲ್ಲಿ ಓದುವಾಗ ನಾವು ಮೂವರು ಒಂದೇ ಬಾಡಿಗೆ ಮನೆಯಲ್ಲಿದ್ದೆವು: ನಾನು, ಮೈಸೂರಿನ ವಿನುತಾ, ಮತ್ತು ಮಂಗಳೂರು ಮೂಲದ, ಕುವೈತಿನಲ್ಲಿ ಬೆಳೆದ ಕ್ಲಿಫರ್ಡ್. ಮೂವರೂ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವರಾದ್ದರಿಂದ ಮನೆಯ ತಕರಾರುಗಳನ್ನೆಲ್ಲ ಚರ್ಚೆಯಿಂದಲೇ ತೀರಿಸಿಕೊಳ್ಳುತ್ತಿದ್ದೆವು. ಇಬ್ಬರು ಪರ, ವಿರೋಧ ಎಂದು ಚೀಟಿ ಎತ್ತಬೇಕು, ಮೂರನೆಯವರು ತೀರ್ಪುಗಾರರು. ಮನಸ್ಸಿನಲ್ಲಿ ಏನೇ ಇರಲಿ, ಚೀಟಿಯಲ್ಲಿದ್ದ ಪಕ್ಷವನ್ನೇ ವಾದಿಸಬೇಕು. ಮೀನಿಲ್ಲದೆ ಊಟ ಸೇರದ ಕ್ಲಿಫರ್ಡ್, ಒಮ್ಮೆ ಮನೆಯಲ್ಲಿ ಮೀನು ಹುರಿಯುವುದರ ವಿರುದ್ಧ ಎಂಥ ಮನಕಲಕುವ ಮಾತಾಡಿದನೆಂದರೆ, ಗೆದ್ದು ಒಂದು ತಿಂಗಳು ಬೇಳೆಸಾರು ಉಂಡ.

ಓದು ಮುಗಿದ ಮೇಲೆ ಕ್ಲಿಫರ್ಡ್ ಪರ್ತ್‌ನಲ್ಲೇ ಉಳಿದ. ವಿನುತಾ ಬ್ರಿಸ್ಬೇನಿನ ಇಂಡೂರೂಪಿಲ್ಲಿಗೆ ಹೋದಳು. ನಾನು ಅಡಿಲೇಡಿಗೆ ಬಂದೆ. ಪೂರ್ವದ ರಾಜ್ಯಗಳೊಂದಿಗೆ ಕೇವಲ ಅರ್ಧ ಗಂಟೆಯ ಭಿನ್ನಾಭಿಪ್ರಾಯಕ್ಕಾಗಿ ಗಡಿಯಾರವನ್ನೇ ಬೇರೆ ಇಟ್ಟುಕೊಂಡಿರುವ ಊರು ಅದು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿದೆ. ಭಾನುವಾರದ ವಿಡಿಯೋ ಕರೆಯಲ್ಲಿ ಚರ್ಚೆ ಮುಂದುವರಿಯಿತು. 2016ರಲ್ಲಿ ಮೂವರೂ ಕೂಡಿ ಗ್ರೀಸಿಗೆ ಹೋಗುವುದೆಂದಾದಾಗ ವಿಷಯ ಮಂಡನೆಯಾಯಿತು: ‘ಈ ಸಭೆಯ ಅಭಿಪ್ರಾಯದಲ್ಲಿ ವಿಕೋಸ್ ಕಮರಿಯನ್ನು ನಡೆದೇ ದಾಟತಕ್ಕದ್ದು.’ ತೀರ್ಪುಗಾರ್ತಿ ವಿನುತಾ ಕ್ಯಾಮೆರಾದ ಮುಂದೆ ಚೀಟಿ ಎತ್ತಿದಳು. ನನಗೆ ಪರ ಬಂತು.

ಅಲ್ಲೇ ತಡವರಿಸಿ ಸೋತುಬಿಡಬಹುದಿತ್ತು. ಆದರೆ ಕ್ಲಿಫರ್ಡ್ ವಿರೋಧಕ್ಕೆ ಎದ್ದು ಒಂದೊಂದಾಗಿ ಹೇಳತೊಡಗಿದ: ಮೇಲಿಂದ ಕಲ್ಲು ಉರುಳಬಹುದು, ಕಾಲು ಉಳುಕಿದರೆ ನಡುವೆ ಹೊರಬರುವ ದಾರಿಯಿಲ್ಲ, ಫೋನು ಸಿಗುವುದಿಲ್ಲ. ಅವೆಲ್ಲ ನನ್ನ ಹೊಟ್ಟೆಯೊಳಗಿದ್ದ ಮಾತುಗಳೇ. ಆದರೂ ಎದುರು ಪಕ್ಷದ ಬಾಯಿಂದ ಬಂದ ಮಾತನ್ನು ಖಂಡಿಸದೆ ಬಿಡುವುದು ನನ್ನ ಜಾಯಮಾನವಲ್ಲ. ಮೂರನ್ನೂ ಪುಡಿಗಟ್ಟಿದೆ. ‘ಭಯವೆಂಬುದು ಪುರಾವೆಯಲ್ಲ’ ಎಂದು ಮುಗಿಸಿದೆ. ವಿನುತಾ ನನ್ನನ್ನು ಗೆಲ್ಲಿಸಿದಳು. ಆ ರಾತ್ರಿ ನಿದ್ದೆ ಬರಲಿಲ್ಲ.

ಕಮರಿಗೆ ಮೊದಲು ಎರಡು ದಿನ ಬೆಟ್ಟದ ಹಳ್ಳಿಗಳನ್ನು ಸುತ್ತಿದೆವು. ಗೋಡೆ, ಸೂರು, ಮೆಟ್ಟಿಲು, ಎಲ್ಲವೂ ಬೂದುಗಲ್ಲಿನವು. ಜನರಿಗಿಂತ ಬೆಕ್ಕುಗಳೇ ಹೆಚ್ಚು. ಆ ಊರುಗಳ ಗೋಡೆಗಳ ಬಗ್ಗೆ ನನಗಿರುವಷ್ಟು ಜ್ಞಾನ ಬೇರಾವ ಪ್ರವಾಸಿಗೂ ಇರಲಾರದು. ಕಣಿವೆಯಿದ್ದ ಕಡೆ ನಾನು ಮುಖ ತಿರುಗಿಸಲೇ ಇಲ್ಲ.

ನಾವು ತಂಗಿದ್ದ ಮನೆಯ ಒಡತಿ ಎಲೆನಿ, ಎಪ್ಪತ್ತು ದಾಟಿದವಳು, ಹರೆಯದಲ್ಲಿ ಅಡಿಲೇಡಿನ ಅಂಗಿ ಕಾರ್ಖಾನೆಯಲ್ಲಿ ಹೊಲಿದು, ಮುದಿಯಾದ ಮೇಲೆ ಹುಟ್ಟೂರಿಗೆ ಮರಳಿದ್ದಳು. ಅವಳ ಇಂಗ್ಲಿಷು ಅಪ್ಪಟ ಆಸ್ಟ್ರೇಲಿಯಾದ್ದು. ನಾವು ಎಲೆನಿ ಆಂಟಿ ಎಂದೆವು. ಹೊರಡುವ ಬೆಳಿಗ್ಗೆ ಬ್ರೆಡ್ಡು, ಚೀಸು ಕಟ್ಟಿಕೊಡುತ್ತ, ಉಪ್ಪು ಬೇಕೇ ಎಂದು ಕೇಳುವಷ್ಟೇ ಸಹಜವಾಗಿ ಕೇಳಿದಳು:

“ನಿಮ್ಮಲ್ಲಿ ಹೆದರೋದು ಯಾರು?”

ಮೂವರೂ ಬ್ಯಾಗಿನ ಪಟ್ಟಿ ಬಿಗಿಮಾಡಿಕೊಳ್ಳತೊಡಗಿದೆವು.

“ನಾಚ್ಕೆ ಏನಿಲ್ಲ, ಲವ್. ಹೆದರೋರನ್ನ ಮಧ್ಯ ನಡೆಸ್ತೀವಿ, ಅಷ್ಟೆ. ನಮ್ಮಮ್ಮ ಆಡುಗಳನ್ನೂ ಹಾಗೇ ದಾಟಿಸ್ತಿದ್ಳು.”

ಆಡಿನ ಸಾಲಿಗೆ ಸೇರಲು ನಾನು ತಯಾರಿರಲಿಲ್ಲ. “ಯಾರೂ ಇಲ್ಲ, ಆಂಟಿ” ಎಂದೆ.

“ನೋ ವರಿಸ್. ಈ ಆರ್ವೋ, ಮಧ್ಯಾಹ್ನದ್ ಮೇಲೆ, ಆಚೆ ಊರಲ್ಲಿ ಕಾರು ತಂದು ಕಾಯ್ತೀನಿ” ಎಂದಳು.

ಗೆದ್ದವಳೆಂಬ ಗತ್ತಿನಲ್ಲಿ ನಾನೇ ಮುಂದೆ ಹೊರಟೆ. ಹಿಂದೆ ವಿನುತಾ, ಕೊನೆಗೆ ಕ್ಲಿಫರ್ಡ್. ಕನ್ನಡದಲ್ಲಿ ಭಯ ಎದೆಯಲ್ಲಿ ನಡುಗುತ್ತದೆ, ಜೀವವನ್ನು ಬಾಯಿಗೆ ತರುತ್ತದೆ. ನನ್ನದು ಹಿಮ್ಮಡಿಯಲ್ಲಿತ್ತು. ಕಡಿದಾದ ದಾರಿಯಲ್ಲಿ ತಳಕ್ಕಿಳಿದು ತಲೆಯೆತ್ತಿದರೆ ಎರಡೂ ಕಡೆ ಬಂಡೆಯ ಗೋಡೆಗಳು, ನಡುವೆ ಪಟ್ಟಿಯಷ್ಟು ಆಕಾಶ. ಎಲ್ಲೋ ಮೇಲೆ ಒಂದು ಕಲ್ಲು ಸದ್ದು ಮಾಡುತ್ತ ಉರುಳಿತು. ಕ್ಲಿಫರ್ಡನ ಮೊದಲ ಅಂಶ, ಅವನದೇ ದನಿಯಲ್ಲಿ, ಕಿವಿಯಲ್ಲಿ ಕೇಳಿಸಿತು. ಫೋನು ತೆಗೆದು ನೋಡಿದೆ. ಮೂರನೆಯ ಅಂಶವೂ ಸರಿಯಿತ್ತು. ಅವನ ವಾದ ಅಕ್ಷರಶಃ ನೆನಪಿತ್ತು. ಅದಕ್ಕೆ ನಾನು ಕೊಟ್ಟ ಉತ್ತರಗಳಲ್ಲಿ ಒಂದೂ ನೆನಪಾಗಲಿಲ್ಲ.

ಮೂರು ಗಂಟೆ ನಡೆದ ಮೇಲೆ ದಾರಿ ಮತ್ತೆ ಮೇಲೇರಿ, ಜಾರಿಬಿದ್ದ ಜಲ್ಲಿಯ ಇಳಿಜಾರೊಂದನ್ನು ಅಡ್ಡಹಾಯ್ದಿತ್ತು. ಹೆಜ್ಜೆಯಗಲದ ದಾರಿ, ಎಡಕ್ಕೆ ನೋಡಿದರೆ ಕೆಳಗೆ ಬಂಡೆಗಳ ತಲೆ. ನಾನು ಕುಳಿತು ಶೂ ಲೇಸು ಕಟ್ಟಿದೆ. ಬಿಚ್ಚಿ ಮತ್ತೆ ಕಟ್ಟಿದೆ.

“ಏನೇ, ಹೂವಿನ ಹಾರ ಕಟ್ತಿದ್ದೀಯಾ?” ಎಂದ ಕ್ಲಿಫರ್ಡ್.

ಕಾಲು ಏಳಲಿಲ್ಲ. ವಾಪಸು ಹೋಗೋಣವೆಂದರೆ ಬಂದ ದಾರಿಯೂ ಅಷ್ಟೇ ಉದ್ದ.

“ನಾನು ಮಧ್ಯಕ್ಕೆ ಬರ್ಬೇಕು” ಎಂದೆ.

“ಮಧ್ಯ ಬಿಟ್ಕೊಡಲ್ಲ” ಎಂದಳು ವಿನುತಾ. “ಬೆಳಗ್ಗೆ ಆಂಟಿ ಹೇಳಿದ್ ತಕ್ಷಣ ನಾನ್ ಸುಮ್ನೆ ಇಲ್ಲಿ ಸೇರ್ಕೊಂಡೆ. ನೀನ್ ಅಷ್ಟು ಚೆನ್ನಾಗಿ ಮಾತಾಡಿದ್ದಕ್ಕೆ ಗೆಲ್ಲಿಸ್ದೆ ಕಣೇ, ಇಲ್ದಿದ್ರೆ ನಾನ್ಯಾಕೆ ಬರ್ತಿದ್ದೆ?”

ವಾದಿಸಲು ಬಾಯಿ ತೆರೆದೆ. ಮೊದಲನೆಯದಾಗಿ, ಎಂದುಕೊಂಡೆ, ಮೊದಲನೆಯದೇ ಹೊಳೆಯಲಿಲ್ಲ. “ನಂಗೆ ಭಯ ಆಗ್ತಿದೆ ಕಣೇ” ಎಂದೆ. ಅಷ್ಟೇ. ಪುರಾವೆ ಇಲ್ಲ, ಉದಾಹರಣೆ ಇಲ್ಲ, ಉಪಸಂಹಾರ ಇಲ್ಲ. ಬದುಕಿನಲ್ಲಿ ನಾನು ನನ್ನದೇ ಪಕ್ಷವನ್ನು ವಹಿಸಿ ಆಡಿದ ಮೊದಲ ಭಾಷಣವದು.

ವಿನುತಾ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಮಧ್ಯ ಬಿಟ್ಟು ಹಿಂದಕ್ಕೆ ಸರಿದಳು. ಕ್ಲಿಫರ್ಡ್ ಮುಂದೆ ಬಂದು, “ನನ್ ಬ್ಯಾಗ್ ಪಟ್ಟಿ ಹಿಡ್ಕೋ. ಕೆಳಗೆ ನೋಡ್ಬೇಡ, ನನ್ ಬೋಳು ಮಂಡೆ ನೋಡು” ಎಂದ. ಬಲಗೈಯಲ್ಲಿ ಅವನ ಬ್ಯಾಗಿನ ಪಟ್ಟಿ ಹಿಡಿದೆ. ಎಡಗೈಯನ್ನು ಹಿಂದಕ್ಕೆ ಚಾಚಿದೆ. ವಿನುತಾಳ ಬೆರಳು ಸಿಕ್ಕವು, ನನ್ನವಕ್ಕಿಂತ ತಣ್ಣಗಿದ್ದವು. ಹೆಜ್ಜೆಗೊಮ್ಮೆ ಜಲ್ಲಿ ಜರುಗುತ್ತಿತ್ತು, ಮೂವರೂ ನಿಲ್ಲುತ್ತಿದ್ದೆವು, ಮತ್ತೆ ನಡೆಯುತ್ತಿದ್ದೆವು. ಆ ಬೋಳು ಮಂಡೆಯ ಪ್ರತಿಯೊಂದು ಮಚ್ಚೆಯೂ ನನಗೆ ಈಗಲೂ ಗೊತ್ತು.

ಸಂಜೆ ಆಚೆಯ ಹಳ್ಳಿಯಲ್ಲಿ ಎಲೆನಿ ಆಂಟಿ ಕಾರಿಗೊರಗಿ ನಿಂತಿದ್ದಳು. ಮೂವರನ್ನೂ ಎಣಿಸಿದಳು. ಮಧ್ಯದಲ್ಲಿ ಯಾರಿದ್ದರೆಂದು ಕೇಳಲಿಲ್ಲ. ನಾವು ಇನ್ನೂ ಕೈ ಬಿಟ್ಟಿರಲಿಲ್ಲ.

ಭಯ ಪುರಾವೆಯಲ್ಲವೆಂಬ ಮಾತನ್ನು ನಾನು ಇಂದಿಗೂ ಹಿಂತೆಗೆದುಕೊಂಡಿಲ್ಲ. ಎಲ್ಲಿ ನಿಲ್ಲಬೇಕೆಂದು ಕೇಳಲು ಪುರಾವೆ ಬೇಕಿಲ್ಲವೆಂಬುದಷ್ಟೇ ನನ್ನ ತಿದ್ದುಪಡಿ. ಭಾನುವಾರದ ಚರ್ಚೆ ಈಗಲೂ ನಡೆಯುತ್ತದೆ, ಆದರೆ ಚೀಟಿ ಎತ್ತುವ ಮುಂಚೆ ವಿನುತಾ ಕೇಳುತ್ತಾಳೆ, “ಮಧ್ಯ ಯಾರಿಗ್ ಬೇಕು?” ಸಾಮಾನ್ಯವಾಗಿ ನನಗೇ. ಕಳೆದ ವಾರದ ವಿಷಯ, ಕ್ಲಿಫರ್ಡ್ ಕೆಲಸ ಬಿಟ್ಟು ಸ್ವಂತ ವರ್ಕ್‌ಶಾಪ್ ತೆರೆಯತಕ್ಕದ್ದೋ ಇಲ್ಲವೋ ಎಂಬುದು. ತೀರ್ಪುಗಾರ್ತಿ ನಾನೇ, ಆದರೂ ನನ್ನ ಬಳಿ ಎರಡೂ ಪಕ್ಷಕ್ಕೆ ಒಳ್ಳೊಳ್ಳೆಯ ಅಂಶಗಳು ಸಿದ್ಧವಿದ್ದವು. ವಿನುತಾ ಎಂದಿನ ಪ್ರಶ್ನೆ ಕೇಳಿದಳು. ಪರದೆಯ ಆ ಮೂಲೆಯಲ್ಲಿ, ಪರ್ತ್‌ನಲ್ಲಿ, ಬೋಳು ಮಂಡೆಯ ಪಕ್ಕ ಒಂದು ಕೈ ನಿಧಾನವಾಗಿ ಮೇಲೆದ್ದಿತು. ನಾನು ಚೀಟಿಗಳನ್ನು ಮಡಚಿ ಬದಿಗಿಟ್ಟೆ.